ಪೂಜೆಗೆ ಕೂತ ಕೆಂಪು

ನಾನು ಒಂದು ಬಣ್ಣ. ಸೀರೆಯಂಗಡಿಯ ಬಣ್ಣವಲ್ಲ, ಗೋಡೆಗೆ ಬಳಿಯುವ ಬಣ್ಣವಲ್ಲ, ಹೋಳಿಯ ದಿನ ಮುಖಕ್ಕೆ ಮೆತ್ತುವ ಬಣ್ಣವಂತೂ ಅಲ್ಲವೇ ಅಲ್ಲ. ಬೈಂದೂರಿನ ಆಚೆ, ಕಡಲಿಗೆ ಎದೆಯೊಡ್ಡಿ ನಿಂತ ಕರಿಬಂಡೆಗಳ ಸಂದಿಯಲ್ಲಿ ಬೆಳೆಯುವ ಕೆಂಪು ಪಾಚಿಯ ಮೈಯೊಳಗೆ ಹುಟ್ಟಿದವನು. ಈಗ ಒಂದು ಗಾಜಿನ ಸೀಸೆಯಲ್ಲಿ, ಸರಸ್ವತಿಯ ಪಟದ ಬೆನ್ನ ಹಿಂದೆ, ಧೂಳು ಕುಡಿಯುತ್ತ ಕೂತಿದ್ದೇನೆ. ನೋಡಿದರೆ ಈಗಲೂ ಕೆಂಪಗೇ ಕಾಣುತ್ತೇನೆ. ಆ ಕೆಂಪು ನನ್ನದಲ್ಲ. ಅದು ಎಲ್ಲಿಂದ ಬಂತೆಂದು ಹೇಳುವುದಕ್ಕೇ ಇಷ್ಟೆಲ್ಲ ಮಾತು.

ಮೊದಲು ಹುಟ್ಟಿನ ವಿಷಯ ಮುಗಿಸಿಬಿಡುತ್ತೇನೆ. ನಿಮಗೆ ಇಷ್ಟವಾಗಲಿ ಬಿಡಲಿ, ನಾನು ನಿಮ್ಮ ರಕ್ತದ ಕೆಂಪಿಗೆ ದಾಯಾದಿ. ನಿಮ್ಮ ರಕ್ತದಲ್ಲಿ ಒಂದು ಪುಟ್ಟ ಬಳೆಯುಂಟು. ನಾಲ್ಕು ಸಣ್ಣ ಉಂಗುರಗಳನ್ನು ಸೇರಿಸಿ ಮಾಡಿದ ಬಳೆ, ನಡುವೆ ಒಂದು ಕಬ್ಬಿಣದ ಕಣ. ಪಾಚಿಯೂ ಅದೇ ಬಳೆಯನ್ನು ಮಾಡುತ್ತದೆ. ಮಾಡಿ ಸುಮ್ಮನಿರುವುದಿಲ್ಲ. ಬಳೆಯನ್ನು ಒಂದು ಕಡೆ ಕತ್ತರಿಸಿ, ಕಬ್ಬಿಣವನ್ನು ಹೊರಗೆ ಹಾಕಿ, ಅಷ್ಟಿಷ್ಟು ತಿದ್ದಿ, ನಾಲ್ಕು ಉಂಗುರಗಳ ಸರ ಮಾಡುತ್ತದೆ. ಆ ಸರವೇ ನನ್ನ ಬಣ್ಣ.

ಆದರೆ ಬರೀ ಸರ ಇದ್ದರೆ ಏನೂ ಪ್ರಯೋಜನವಿಲ್ಲ; ಅದು ಮುದುಡಿ ಮೂಲೆ ಸೇರುತ್ತದೆ. ಅದನ್ನು ನೆಟ್ಟಗೆ ಹಿಡಿದು ನಿಲ್ಲಿಸುವುದಕ್ಕೆ ಪ್ರೋಟೀನು ಬೇಕು. ನಮ್ಮ ಮನೆಯಲ್ಲಿ ಪ್ರೋಟೀನಿನ ಎಳೆಗಳು ಎರಡು ಬಗೆ, ಓದಿದವರು ಆಲ್ಫಾ ಎಂದೂ ಬೀಟಾ ಎಂದೂ ಕರೆಯುತ್ತಾರೆ. ಪ್ರತಿ ಎಳೆಯೂ ತನ್ನ ಪಾಲಿನ ಸರಗಳನ್ನು ಗಂಧಕದ ಕೊಂಡಿ ಹಾಕಿ ಮೈಗೆ ಬಿಗಿದುಕೊಂಡಿರುತ್ತದೆ. ಅಂಥ ಆರು ಜೋಡಿ ಎಳೆಗಳು ದುಂಡಗೆ ಕೂರುತ್ತವೆ, ನಡುವೆ ಮನೆಯ ಹಿರಿಯನ ಹಾಗೆ ಇನ್ನೊಂದು ಎಳೆ. ನಾನು ಎಂದರೆ ಈ ಇಡೀ ಸಂಸಾರ. ಎಳೆಗಳ ಹಿಡಿತ ಗಟ್ಟಿಯಾಗಿರುವ ತನಕ ನಾನು ನಾನು. ಬಿಸಿಲೋ ಬಿಸಿಯೋ ತಗುಲಿ ಹಿಡಿತ ಸಡಿಲಿತೋ, ಸಂಸಾರ ಬೀದಿಪಾಲು. ಇದನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನನ್ನ ಕೆಲಸ ಬೆಳಕು ಹಿಡಿಯುವುದು. ನೀರಿನ ಒಳಗೆ ಇಳಿದಂತೆ ಬಿಸಿಲಿನ ಕೆಂಪೆಲ್ಲ ಮೇಲೆಯೇ ಸತ್ತುಹೋಗುತ್ತದೆ. ಬಂಡೆಯ ಸಂದಿಯ ತನಕ ಬರುವುದು ಒಂದಿಷ್ಟು ಹಸಿರು, ಒಂದಿಷ್ಟು ನೀಲಿ. ಪಾಚಿಗೆ ಅನ್ನ ಬೇಯಿಸುವವನು ಪತ್ರಹರಿತ್ತು. ಅವನೋ ಮಹಾ ಮುದ್ದಿನ ಮಗ, ಹಸಿರು ಬೆಳಕು ಬಡಿಸಿದರೆ ಮೂಗು ಮುರಿಯುತ್ತಾನೆ. ಹಾಗಾಗಿ ಅದನ್ನು ನಾನು ಹಿಡಿದು, ನನ್ನ ನೀಲಿ ತಮ್ಮನಿಗೆ ಕೊಡುತ್ತಿದ್ದೆ. ಅವನು ತನ್ನ ಪಕ್ಕದವನಿಗೆ ಕೊಟ್ಟರೆ, ಆ ಪಕ್ಕದವನು ಪತ್ರಹರಿತ್ತಿನ ತಟ್ಟೆಗೆ ಹಾಕುತ್ತಿದ್ದ. ಒಂದು ಅಗುಳೂ ನಾವು ಇಟ್ಟುಕೊಂಡವರಲ್ಲ. ಅಲ್ಲಿದ್ದಷ್ಟು ದಿನ ನಾನು ಹೊಳೆದವನೂ ಅಲ್ಲ. ಹಿಡಿದದ್ದನ್ನೆಲ್ಲ ಕೊಟ್ಟ ಮೇಲೆ ಹೊಳೆಯುವುದಕ್ಕೆ ಏನು ಉಳಿದಿರುತ್ತದೆ ಹೇಳಿ.

ಮಳೆಗಾಲ ಇಳಿಯುವ ಹೊತ್ತಿಗೆ ಬಂಡೆಯ ಮೇಲೆ ಇಬ್ಬರು ಹೆಂಗಸರು ಕಂಡರು. ಮುಂದಿನವಳು ಮೂಕಾಂಬು, ಮೀನು ಮಾರಿ ಮಗಳನ್ನು ಓದಿಸಿದವಳು. ಹಿಂದಿನವಳು ಆ ಮಗಳು ರೇವತಿ, ವಿಶ್ವವಿದ್ಯಾಲಯದಲ್ಲಿ ಕೆಂಪು ಪಾಚಿಯ ಬಣ್ಣದ ಮೇಲೆ ಸಂಶೋಧನೆ ಮಾಡುವವಳು. ಮಗಳಿಗೆ ಬಂಡೆ ಅಭ್ಯಾಸ ತಪ್ಪಿತ್ತು. ಅದಕ್ಕೆ ತಾಯಿ ಸೀರೆ ಎತ್ತಿ ಕಟ್ಟಿ ತಾನೇ ಸಂದಿಗೆ ಇಳಿದಳು. ಎಲ್ಲಿತ್ತೋ ಒಂದು ತೆರೆ, ಬಂದು ಎತ್ತಿ ಒಗೆಯಿತು. ಮೊಣಕಾಲಿನ ಕೆಳಗೆ ಬಂಡೆ ಬಡಿದ ಸದ್ದು ನನಗೇ ಕೇಳಿಸಿತು. ಆ ದಿನ ಪಾಚಿಯೂ ಇಲ್ಲ ಗೀಚಿಯೂ ಇಲ್ಲ. ಮಗಳು ತಾಯಿಯನ್ನು ಹೆಗಲಿಗೆ ಹಾಕಿಕೊಂಡು ಹೋದಳು.

ವಾರ ಕಳೆದು ಮತ್ತೆ ಬಂದರು. ಈ ಸಲ ಮೂಕಾಂಬು ಮರಳಿನ ಮೇಲೆ ಕಾಲು ಚಾಚಿ ಕೂತು ಅಲ್ಲಿಂದಲೇ ಗದರುತ್ತಿದ್ದಳು. ಕಿತ್ತದ್ದು ರೇವತಿ. ನನ್ನನ್ನು ಕಡಲ ನೀರಿನ ಬಕೆಟ್ಟಿಗೆ ಹಾಕಿ ತಾಯಿಯ ಪಕ್ಕ ತಂದಿಟ್ಟಳು.

"ಹೆಣೇ, ಇದ್ ತಿಂಬುಕಾ? ದನವೂ ಮೂಸುದಿಲ್ಲ ಇದನ್ನ."

"ತಿಂಬುಕಲ್ಲ ಅಬ್ಬಿ. ಇದ್ ಬೆಳ್ಕ್ ಹಿಡಿತ್."

"ಬೆಳ್ಕ್ ಹಿಡೂಕೆ ನನ್ ಕಾಲ್ ಮುರಿಕಾ? ಮನಿಯಗೆ ಬಲ್ಬ್ ಇಲ್ಯಾ?"

ರೇವತಿ ನಕ್ಕು ತಾಯಿಯ ಕಾಲು ನೋಡಿದಳು. ಏಟು ಬಿದ್ದ ಕಡೆ ಕಪ್ಪಗಿದ್ದದ್ದು ಈಗ ಹಸಿರುಗಟ್ಟಿತ್ತು. "ಅಬ್ಬಿ, ಕಾಣ್. ಒಳ್ಗೆ ರಕ್ತ ಹೆಪ್ಪಾಯ್ತಲ್ದಾ, ಅದ್ರಂಗಿನ ಬಳಿ ಒಡ್ದ್ ಈ ಹಸ್ರ್ ಆದ್. ಪಾಚಿಯೂ ಅದೇ ಬಳಿ ಒಡ್ದೇ ಈ ಕೆಂಪ್ ಮಾಡುದ್. ನಿನ್ ಕಾಲಿನ್ ಹಸ್ರೂ ಈ ಬಕೆಟಿನ್ ಕೆಂಪೂ ಒಂದೇ ಹೊಟ್ಟಿಯಗ್ ಹುಟ್ದಂಗೆ."

"ಹಂಗಾರೆ ನೀ ನನ್ ಕಾಲನ್ನೇ ತಕಂಡ್ ಹೋಪ್ದಲ್ದಾ? ಬಂಡೆಕಲ್ಲ್ ಹತ್ತುದ್ ತಪ್ತಿತ್ತ್," ಎಂದು ಮೂಕಾಂಬುವೂ ನಕ್ಕು ಮಗಳ ತಲೆಗೆ ಮೊಟಕಿದಳು. ಆ ತಾಯಿ ಮಗಳು ಜೊತೆಯಾಗಿ ನಕ್ಕದ್ದನ್ನು ನಾನು ನೋಡಿದ್ದು ಅದೇ ಕೊನೆ.

ಪ್ರಯೋಗಾಲಯದಲ್ಲಿ ನನಗಾದ ಉಪಚಾರವನ್ನು ಏನೆಂದು ಹೇಳಲಿ! ತಂಪಿನಲ್ಲಿ ಅರೆದರು. ಗರಗರ ತಿರುಗುವ ಯಂತ್ರಕ್ಕೆ ಹಾಕಿ ಸಿಪ್ಪೆ ಚರಟವನ್ನೆಲ್ಲ ತಳಕ್ಕೆ ಕೂರಿಸಿದರು. ಒಂದು ಬಗೆಯ ಉಪ್ಪು ಬೆರೆಸಿ ನನ್ನನ್ನು ನೀರಿನಿಂದ ಬಿಡಿಸಿದರು. ಮತ್ತೆ ನೀರಿಗೆ ಹಾಕಿ, ಸಣ್ಣ ಮಣಿ ತುಂಬಿದ ಗಾಜಿನ ಕೊಳವೆಯಲ್ಲಿ ಹನಿಹನಿಯಾಗಿ ಇಳಿಸಿದರು. ನೀಲಿ ತಮ್ಮ ಒಂದು ಕಡೆ, ನಾನೊಂದು ಕಡೆ. ಪತ್ರಹರಿತ್ತಂತೂ ಚರಟದ ಜೊತೆ ಮೊದಲೇ ಕಸದ ಬುಟ್ಟಿ ಸೇರಿದ್ದ. ಬಕೆಟ್ ತುಂಬ ಇದ್ದ ಪಾಚಿ ಕೊನೆಗೆ ಒಂದು ಪುಟ್ಟ ಸೀಸೆಯಾಯಿತು. ಬಿಸಿಲು ಏರಿ ಬಂಡೆಯ ಮೇಲಿನ ಪಾಚಿಯೆಲ್ಲ ಅಷ್ಟರಲ್ಲಿ ಒಣಗಿ ಹೋಗಿತ್ತು. ಇದ್ದದ್ದು ನಾನೊಬ್ಬನೇ.

ಅಂದು ರೇವತಿ ಕೋಣೆ ಕತ್ತಲು ಮಾಡಿ ನನ್ನ ಮೇಲೆ ಹಸಿರು ದೀಪ ಬಿಟ್ಟಳು. ಅಭ್ಯಾಸಬಲ, ಹಿಡಿದೆ. ಹಿಡಿದು ಪಕ್ಕಕ್ಕೆ ಕೊಡಲು ಹೋದರೆ ತೆಗೆದುಕೊಳ್ಳುವವರೇ ಇಲ್ಲ! ತಮ್ಮನಿಲ್ಲ, ಯಾರೂ ಇಲ್ಲ. ಕೈಯಲ್ಲಿದ್ದ ಬೆಳಕನ್ನು ಹಾಗೇ ಹೊರಗೆ ಚೆಲ್ಲಿದೆ. ಸೀಸೆ ತುಂಬ ಕಿತ್ತಳೆ ಬಣ್ಣದ ಕೆಂಡ ಹೊತ್ತಿಕೊಂಡಿತು. ನನ್ನ ಒಂಟಿತನ ಅವರ ಕಣ್ಣಿಗೆ ಹಬ್ಬವಾಯಿತು.

ಚಹಾ ತಂದಿದ್ದ ಅಟೆಂಡರ್ ಅಣ್ಣಪ್ಪ ಬಾಗಿಲಲ್ಲೇ ನಿಂತುಬಿಟ್ಟ. "ಅಯ್ಯಯ್ಯೋ! ಬೆಂಕಿ ಇಲ್ಲದೆ ಕೆಂಡವಾ ಮೇಡಂ?" ಎಂದವನೇ ತಟ್ಟೆ ಕೆಳಗಿಟ್ಟು ನನಗೆ ಕೈ ಮುಗಿದ. ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಕಡಲಲ್ಲಿದ್ದಾಗ ಯಾರು ನನಗೆ ಕೈ ಮುಗಿದಿದ್ದರು?

ರೇವತಿಯ ಗೈಡು ಡಾಕ್ಟರ್ ಜಯಕರ ಕೂಡ ಬಂದು ನೋಡಿದರು. "ಭಾರೀ ಚಂದ ಉಂಟು ರೇವತಿ. ದಸರಾ ರಜೆ ಮುಗಿದ ಕೂಡಲೇ ಪರಿಶೀಲನಾ ಸಮಿತಿಯವರು ಬರ್ತಾರೆ. ಅವರೆದುರು ಇದು ಹೀಗೇ ಹೊಳೆಯಬೇಕು. ನಿನಗೆ ಕೊಟ್ಟ ಅವಧಿ ಮುಗೀತಾ ಬಂತು. ಹೊಳೆದರೆ ಡಾಕ್ಟರೇಟು, ಇಲ್ಲದಿದ್ದರೆ ನನ್ನ ಕೈಯಲ್ಲೂ ಏನಿಲ್ಲ," ಎಂದರು.

ರೇವತಿ ನನ್ನನ್ನು ಕಾಪಾಡಿದ ಹಾಗೆ ಕೂಸನ್ನೂ ಯಾರೂ ಕಾಪಾಡಿರಲಿಕ್ಕಿಲ್ಲ. ಸೀಸೆಗೆ ಬೆಳ್ಳಿಹಾಳೆ ಸುತ್ತಿದಳು. ಮಂಜುಗಟ್ಟದ ಹಾಗೆ, ಬಿಸಿಯೂ ಆಗದ ಹಾಗೆ ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿ ಇಟ್ಟಳು. "ಇದಕ್ಕೆ ಬೆಳಕು ತಾಗಿಸಬೇಡಿ ಅಣ್ಣಪ್ಪಣ್ಣ" ಎಂದು ಹೋಗುವಾಗೊಮ್ಮೆ ಬರುವಾಗೊಮ್ಮೆ ಹೇಳುತ್ತಿದ್ದಳು. ತಾನೂ ಹಾಳೆ ಬಿಚ್ಚಿ ನೋಡುತ್ತಿರಲಿಲ್ಲ. ನೋಡುವುದೂ ನನಗೆ ಸವೆತವೇ ಎಂದು ಅವಳಿಗೆ ಗೊತ್ತಿತ್ತು. ಎಂಥ ಕಾಳಜಿ! ಆ ಕಾಳಜಿಯೇ ಅವಳ ಕುತ್ತಿಗೆ ಕೊಯ್ದದ್ದು.

ನವರಾತ್ರಿ ಬಂತು. ಊರಲ್ಲಿ ಹೊಸ್ತು, ಹೊಸ ಅಕ್ಕಿ ಉಣ್ಣುವ ಹಬ್ಬ. ಕಾಲು ಇನ್ನೂ ಸರಿಯಾಗದ ತಾಯಿ ಒಬ್ಬಳೇ ಎಂದು ರೇವತಿ ಮನೆಗೆ ಹೋದಳು. ಇಲ್ಲಿ ಆಯುಧಪೂಜೆ. ಬಸ್ಸಿನವರು ಬಸ್ಸಿಗೆ, ಗ್ಯಾರೇಜಿನವರು ಪಾನಾ ಸುತ್ತಿಗೆಗೆ ಪೂಜೆ ಮಾಡಿದರೆ ಪ್ರಯೋಗಾಲಯದವರು ಯಂತ್ರಗಳಿಗೆ ಮಾಡುತ್ತಾರೆ. ಅವತ್ತು ಯಂತ್ರಗಳಿಗೆ ರಜೆ, ಎಲ್ಲ ಬಂದ್. ಅಣ್ಣಪ್ಪ ಬೆಳಿಗ್ಗೆಯೇ ಫ್ರಿಜ್ಜು ಆರಿಸಿ, ಒಳಗಿದ್ದದ್ದನ್ನೆಲ್ಲ ಪಕ್ಕದ ವಿಭಾಗಕ್ಕೆ ಸಾಗಿಸಿ, ತೊಳೆದು ಒರೆಸಿ, ಚೆಂಡುಹೂವಿನ ಮಾಲೆ ಹಾಕಿದ. ನನ್ನನ್ನೂ ಸಾಗಿಸುವುದಕ್ಕೆ ಎತ್ತಿಕೊಂಡಿದ್ದ. ಅಷ್ಟರಲ್ಲಿ ಜಯಕರ ಸರ್ ಬಂದರು, ರೇಷ್ಮೆ ಪಂಚೆಯಲ್ಲಿ.

"ಅಣ್ಣಪ್ಪ, ಆ ಸೀಸೆ ಇಲ್ಲಿ ಕೊಡು. ನಮ್ಮ ಲ್ಯಾಬಿಗೆ ನಿಜವಾದ ಆಯುಧ ಅಂದ್ರೆ ಅದೇ. ದೇವರ ಎದುರು ಇರಲಿ. ಫೋಟೋದಲ್ಲೂ ಚಂದ ಬರ್ತದೆ."

"ಸರ್, ಬೆಳಕು ತಾಗಿಸ್ಬೇಡಿ ಅಂತ ರೇವತಿ ಮೇಡಂ ಹೇಳಿದ್ರು."

"ದೇವರ ದೀಪ ಬೆಳಕಾ ಮಾರಾಯ? ಹಾಳೆ ಸುತ್ತಿಕೊಂಡ್ರೆ ಕುಂಕುಮ ಎಲ್ಲಿಗೆ ಹಚ್ಚುದು? ಬಿಚ್ಚು."

ಬಿಚ್ಚಿದ. ಕಿಟಕಿಯ ಪಕ್ಕ, ಸರಸ್ವತಿ ಪಟದ ಮುಂದೆ, ಹಿತ್ತಾಳೆ ತಟ್ಟೆಯಲ್ಲಿ ನನ್ನನ್ನು ಕೂರಿಸಿದರು. ಹಣೆಗೆ ಕುಂಕುಮ ಬಿತ್ತು. ಎಡಕ್ಕೊಂದು ದೀಪ, ಬಲಕ್ಕೊಂದು ದೀಪ, ಎದುರಿಗೆ ಕರ್ಪೂರ. ಎಲ್ಲರೂ ಕೈ ಮುಗಿದರು, ಸರ್ ಫೋಟೋ ಹೊಡೆಸಿಕೊಂಡರು, ಮಂಡಕ್ಕಿ ಹಂಚಿದರು. ಮುಗಿದ ಮೇಲೆ ಅಣ್ಣಪ್ಪ ನನ್ನತ್ತ ಕೈ ಚಾಚಿದ. "ಮುಟ್ಟಬೇಡ," ಎಂದರು ಸರ್. "ಪೂಜೆಗೆ ಕೂತದ್ದನ್ನು ನಾಳೆ ಮಂಗಳಾರತಿ ಆಗುವ ತನಕ ಕದಲಿಸಬಾರದು. ಅಷ್ಟೂ ಗೊತ್ತಿಲ್ಲವಾ ನಿನಗೆ?" ಕೋಣೆಗೆ ಬೀಗ ಬಿತ್ತು.

ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ಇಳಿದು ನೇರ ನನ್ನ ಮೇಲೆ ಬಂದು ಕೂತಿತು. ಜೀವಮಾನವೆಲ್ಲ ನೆರಳಿನಲ್ಲಿ, ಸೋಸಿದ ಬೆಳಕು ಉಂಡವನು ನಾನು. ಹಿಡಿದೆ, ಹಿಡಿದೆ, ಹಿಡಿಯುತ್ತಲೇ ಹೋದೆ. ಕೊಡುವುದಕ್ಕೆ ಯಾರೂ ಇಲ್ಲದೆ, ಇಟ್ಟುಕೊಳ್ಳುವುದಕ್ಕೆ ಜಾಗವಿಲ್ಲದೆ ನನ್ನ ಸರಗಳು ಒಂದೊಂದಾಗಿ ಸುಟ್ಟವು. ಮಗ್ಗುಲಿನ ದೀಪಗಳ ಕಾವಿಗೆ ಗಾಜು ಬಿಸಿಯಾಯಿತು, ಎಳೆಗಳು ಹಿಡಿತ ಬಿಟ್ಟವು. ಇಷ್ಟು ಭಕ್ತಿಯಿಂದ ಯಾರನ್ನೂ ಯಾರೂ ಕೊಂದಿರಲಾರರು. ಮರುದಿನ ಬೀಗ ತೆಗೆಯುವಾಗ ನಾನು ಅಕ್ಕಿ ತೊಳೆದ ನೀರಿಗೆ ಒಂದು ಚಿಟಿಕೆ ಕುಂಕುಮ ಬಿದ್ದ ಹಾಗೆ ಇದ್ದೆ.

ಜಯಕರ ಸರ್ ಸೀಸೆ ಎತ್ತಿ ನೋಡಿದರು. ಮುಖದ ರಕ್ತ ಇಳಿದುಹೋಯಿತು. ಕೆಟ್ಟ ಮನುಷ್ಯ ಎನ್ನಲಾರೆ. ಕೆಟ್ಟವರಾಗಿದ್ದರೆ ಎಷ್ಟೋ ವಾಸಿ ಇತ್ತು, ಹೇಡಿ. ಫೋನು ಎತ್ತಿ "ರೇವತಿ, ನನ್ನಿಂದ ಹೀಗಾಯಿತು" ಎಂದಿದ್ದರೆ ಸಾಕಿತ್ತು. ಸಮಿತಿಯವರ ಕೈಕಾಲು ಹಿಡಿದಾದರೂ ಮುಂದಿನ ಮಳೆಗಾಲದ ತನಕ ಅವಧಿ ಕೇಳಬಹುದಿತ್ತು. ಆದರೆ ಪೂಜೆಯ ಫೋಟೋ ಆಗಲೇ ಹತ್ತು ಜನರ ಮೊಬೈಲಿನಲ್ಲಿ ಓಡಾಡುತ್ತಿತ್ತು. ವಿಜ್ಞಾನಿಯೊಬ್ಬ ಹೀಗೆ ಮಾಡಿದ ಎಂದು ನಗುತ್ತಾರಲ್ಲ! ಅಣ್ಣಪ್ಪನನ್ನು ಕರೆದು, ಕ್ಯಾಂಟೀನಿನಿಂದ ಕೇಸರಿಬಾತಿಗೆ ಹಾಕುವ ಬಣ್ಣ ತರಲು ಹೇಳಿದರು.

"ಎಂತಕೆ ಸರ್?"

"ತಾ ಅಂದ್ರೆ ತಾ."

ಒಂದು ಕಡ್ಡಿಯ ತುದಿಯಲ್ಲಿ ಅದ್ದಿ ಸೀಸೆಗೆ ಕಲಸಿದರು. ಮುಖ ಕಳೆದುಕೊಂಡ ನನ್ನ ಮೇಲೆ ಆ ಪರಕೀಯ ಬಣ್ಣ ಬಂದು ಬಿತ್ತು. ಅದನ್ನೇನೂ ಬೈಯಲಾರೆ, ಪಾಪ, ಅದರ ಕೆಲಸ ಶಿರಾ ಕೇಸರಿಬಾತಿನದು. ಸೀಸೆ ಮೊದಲಿಗಿಂತ ಕೆಂಪಾಯಿತು. "ಕೆಂಪು ಉಂಟಲ್ಲ, ಅಷ್ಟು ಸಾಕು. ಬಣ್ಣ ನೋಡಿ, ಅವಳ ಅಂಕಿಅಂಶ ನೋಡಿ ಹೋಗ್ತಾರೆ," ಎಂದು ತಮಗೆ ತಾವೇ ಹೇಳಿಕೊಂಡರು. ಗಾಜಿನ ಮೇಲಿನ ಕುಂಕುಮ ಒರೆಸಿ, ಹಾಳೆ ಸುತ್ತಿ ಫ್ರಿಜ್ಜಿನಲ್ಲಿಟ್ಟರು. "ಅಣ್ಣಪ್ಪ, ನಿನ್ನ ಕೆಲಸ ಕಾಯಂ ಮಾಡುವ ವಿಷಯ ನನ್ನ ತಲೆಯಲ್ಲುಂಟು," ಎಂದು ಹೋಗುವಾಗ ಭುಜ ತಟ್ಟಿದರು.

ರೇವತಿ ಹೊಸ್ತಿನ ಪಾಯಸವನ್ನು ಡಬ್ಬಿಯಲ್ಲಿ ತುಂಬಿಕೊಂಡು ಬಂದಳು. ಅಣ್ಣಪ್ಪನಿಗೆ ಕೊಟ್ಟಳು, ಸರ್‌ಗೂ ಕೊಟ್ಟಳು, ಅವರು ಉಂಡರು. ಫ್ರಿಜ್ಜು ತೆರೆದು ಹಾಳೆ ಸುತ್ತಿದ ನನ್ನನ್ನು ಮುಟ್ಟಿ ನೋಡಿದಳು, ತಣ್ಣಗಿದ್ದೆ. ಬಿಚ್ಚೇ, ಒಂದು ಸಲ ಬಿಚ್ಚಿ ನೋಡೇ ಮಹರಾಯ್ತಿ ಎಂದು ನಾನು ಒಳಗೆ ಬಡಿದುಕೊಂಡೆ. ಬೆಳಕು ತಾಗೀತೆಂದು ಅವಳು ಬಿಚ್ಚಲಿಲ್ಲ. ಅಣ್ಣಪ್ಪ ಹಿಂದೆಯೇ ನಿಂತಿದ್ದ. "ಮೇಡಂ..." ಎಂದ. "ಎಂತ ಅಣ್ಣಪ್ಪಣ್ಣ?" ಎಂದು ಅವಳು ತಿರುಗಿದಳು. "ಪಾಯಸ ಭಾರೀ ರುಚಿ ಇತ್ತು," ಎಂದ.

ಸಮಿತಿ ಬಂತು. ಮೂವರು. ಅವರಲ್ಲಿ ತಲೆ ನರೆತ ಒಬ್ಬ ಪ್ರೊಫೆಸರಮ್ಮ ಮಾತು ಕಡಿಮೆ ಆಡುವವರು. ರೇವತಿ ಚೆನ್ನಾಗಿ ವಿವರಿಸಿದಳು. ನನ್ನ ನಾಲ್ಕು ಉಂಗುರದ ಸರ, ಗಂಧಕದ ಕೊಂಡಿ, ಆರು ಜೋಡಿ ಎಳೆಗಳ ಸಂಸಾರ, ನಾನು ಬೆಳಕು ಕೊಡುವ ಸಾಲು, ಯಾವುದನ್ನೂ ಬಿಡಲಿಲ್ಲ. ನನ್ನ ಬಗ್ಗೆ ಅಷ್ಟು ಪ್ರೀತಿಯಿಂದ ಮಾತಾಡಿದವರನ್ನು ನಾನು ಮತ್ತೆ ಕಾಣಲಿಲ್ಲ. "ಈಗ ನೋಡಿ," ಎಂದು ಕೋಣೆ ಕತ್ತಲು ಮಾಡಿ, ಹಾಳೆ ಬಿಚ್ಚಿ, ಹಸಿರು ದೀಪ ಹಾಕಿದಳು.

ಕತ್ತಲು ಕತ್ತಲಾಗಿಯೇ ಉಳಿಯಿತು.

ದೀಪ ಸರಿ ಮಾಡಿದಳು. ಸೀಸೆ ತಿರುಗಿಸಿದಳು. ನಾನು ಹಿಡಿಯಲು ಹೋದೆ, ಹಿಡಿಯುವ ಕೈಯೇ ಇರಲಿಲ್ಲ. ಪ್ರೊಫೆಸರಮ್ಮ ಎದ್ದು ಬೆಳಕು ಹಾಕಿಸಿ, ಒಂದು ಹನಿ ತೆಗೆದು ಬೆಳಕು ಅಳೆಯುವ ಯಂತ್ರಕ್ಕಿಟ್ಟರು. ಈ ಬಣ್ಣ ನಿಜವಾದರೆ ಯಂತ್ರದ ಗೆರೆ ಮೂರು ಗುಡ್ಡದ ಹಾಗೆ ಏರಿ ಇಳಿಯಬೇಕು. ಏರಿದ್ದು ಒಂದೇ ಗುಡ್ಡ, ಅದೂ ಇರಬಾರದ ಜಾಗದಲ್ಲಿ.

"ಇದು ಅಂಗಡಿ ಬಣ್ಣ ಕಣಮ್ಮ," ಎಂದರು. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ವಾಸಿಯಿತ್ತು.

"ಇಲ್ಲ ಮೇಡಂ, ಸಾಧ್ಯವೇ ಇಲ್ಲ. ಸರ್, ನೀವು ನೋಡಿದ್ದೀರಿ, ಹೊಳೆದಿತ್ತು. ಹೇಳಿ ಸರ್." ರೇವತಿ ಜಯಕರರ ಕಡೆ ತಿರುಗಿದಳು.

ಜಯಕರ ಸರ್ ಕನ್ನಡಕ ತೆಗೆದು ಒರೆಸಿದರು. "ನಾನು ನೋಡಿದಾಗ ಏನೋ ಹೊಳೆದಿತ್ತು ನಿಜ. ಅದು ಏನು ಅಂತ ನಾನು ಪರೀಕ್ಷೆ ಮಾಡಿರಲಿಲ್ಲ. ವಿದ್ಯಾರ್ಥಿಗಳನ್ನು ನಂಬಬೇಕಾಗ್ತದೆ," ಎಂದರು.

ಅಣ್ಣಪ್ಪ ಚಹಾ ತಟ್ಟೆ ಹಿಡಿದು ಅದೇ ಬಾಗಿಲಲ್ಲಿದ್ದ. ಅವನ ಬಾಯಿ ತೆರೆಯಿತು, ನಾನು ಕಣ್ಣಾರೆ ಕಂಡೆ. "ಅಣ್ಣಪ್ಪ, ಚಾ ಇಡು," ಎಂದರು ಸರ್. ಅವನು ಇಟ್ಟ. ಒಂದೊಂದೇ ಲೋಟ, ಚೆಲ್ಲದ ಹಾಗೆ, ಎಲ್ಲರ ಮುಂದೆಯೂ ಇಟ್ಟ. ರೇವತಿಯ ಮುಂದೆಯೂ ಇಟ್ಟ.

ಅಲ್ಲಿಗೆ ರೇವತಿಯ ಓದು ಮುಗಿಯಿತು. ಪೂಜೆಯ ಫೋಟೋ ನೋಡಿದವರಿಗೂ ಕಂಡದ್ದು ಒಂದು ಕೆಂಪು ಸೀಸೆ ಮಾತ್ರ, ಆಮೇಲಿನ ಬಿಸಿಲು ಯಾವ ಫೋಟೋದಲ್ಲೂ ಇರಲಿಲ್ಲ. ಮೋಸ ಮಾಡಿದವಳು ಎಂದು ಹೆಸರು ಬಿತ್ತು. ಆ ಹೆಸರು ಅವಳಿಗಿಂತ ಮೊದಲೇ ಬಸ್ಸು ಹತ್ತಿ ಊರು ಸೇರಿತು. ನನ್ನನ್ನು ಚರಂಡಿಗೆ ಸುರಿಯಲು ಸರ್ ಹೇಳಿದರು. ಅಣ್ಣಪ್ಪ ಸುರಿಯಲಿಲ್ಲ. ಪಟದ ಹಿಂದೆ ಇಟ್ಟ. ಯಾಕೆ ಇಟ್ಟನೋ ಅವನಿಗೇ ಗೊತ್ತು. ಅವನ ಕೆಲಸ ಕಾಯಂ ಆಯಿತು, ಮಂಡಕ್ಕಿಯ ಜೊತೆ ಲಾಡು ಹಂಚಿದ.

ಮತ್ತೊಂದು ನವರಾತ್ರಿ ಹತ್ತಿರ ಬಂದಿತ್ತು. ಒಂದು ಬೆಳಿಗ್ಗೆ ಪ್ರಯೋಗಾಲಯದ ಬಾಗಿಲಲ್ಲಿ ಕುಂಟುವ ಹೆಜ್ಜೆ ಕೇಳಿತು. ಮೂಕಾಂಬು. ಮಗಳು ಬಿಟ್ಟುಹೋದ ಮಾರ್ಕ್ಸ್ ಕಾರ್ಡು ಕೇಳಲು ಬಂದಿದ್ದಳು. ಮಗಳು ಈ ಕಡೆ ತಲೆ ಹಾಕುವುದಿಲ್ಲವಂತೆ. ಅಣ್ಣಪ್ಪ ಸ್ಟೂಲು ಹಾಕಿ ಕೂರಿಸಿ, ಕಪಾಟಿನಿಂದ ಹುಡುಕಿ ತಂದು ಕೊಟ್ಟ. ಅವಳು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಏಳಬೇಕಿತ್ತು. ಏಳಲಿಲ್ಲ.

"ಅಣ್ಣ, ಒಂದ್ ಮಾತ್ ಕೇಂತೆ. ನೀವ್ ಇಲ್ಲೇ ಇದ್ದೋರ್. ನನ್ ಹೆಣ್ಣ್ ಮೋಸ ಮಾಡಿತಾ?"

ಅಣ್ಣಪ್ಪ ಮೇಜಿನ ಮೇಲಿನ ಖಾಲಿ ಲೋಟಗಳನ್ನು ಎತ್ತಿ ತಟ್ಟೆಗೆ ಜೋಡಿಸತೊಡಗಿದ.

"ಅದ್ ಮಾಡ್ಲಿಲ್ಲೆ ಅಂತ್. ಊರೋರ್ ಮಾಡಿತ್ ಅಂತ್ರ್. ನಾನ್ ಓದ್ದೋಳಲ್ಲ, ಯಾರನ್ನ್ ನಂಬುದ್? ಈಗ ಸೀಗಡಿ ಸುಲೂಕೆ ಫ್ಯಾಕ್ಟ್ರಿಗ್ ಹೋತಿತ್ತ್. ಮಾತಿಲ್ಲೆ, ಕಥಿ ಇಲ್ಲೆ. ಒಂದಿನ ನಾನೂ ಕೋಪದಂಗೆ ಹೇಳ್ಬಿಟ್ಟೆ, ನಿನ್ ಮೋಸಕ್ಕೆ ನನ್ ಕಾಲ್ ಹೋಯ್ತ್ ಅಂದೇಳಿ. ಅವತ್ತಿಂದ ಅದ್ ನನ್ ಮುಖವೂ ಕಾಂತಿಲ್ಲೆ. ನೀವ್ ಒಂದ್ಸಲ ಇಲ್ಲೆ ಅಂದ್ರೆ ಸಾಕ್ ಅಣ್ಣ. ನಾನ್ ಮನಿಗ್ ಹೋಯಿ ಅದ್ರ ಕಾಲ್ ಹಿಡ್ಕಂತೆ."

ಪಟದ ಹಿಂದಿನಿಂದ ನನಗೆ ಎಲ್ಲ ಕಾಣುತ್ತಿತ್ತು. ಅಣ್ಣಪ್ಪ ಸರ್ ಕೋಣೆಯ ಕಡೆ ನೋಡಿದ. ಸರ್ ಇನ್ನೂ ಬಂದಿರಲಿಲ್ಲ. ಕೇಳುವವರು ಯಾರೂ ಇರಲಿಲ್ಲ. ಹೇಳೋ, ಹೇಳೋ ಮಾರಾಯ, ಒಂದೇ ಒಂದು ಮಾತು!

"ನಂಗೆ ಗೊತ್ತಿಲ್ಲೆ ಅಮ್ಮ," ಎಂದ. "ನಾನ್ ಚಾ ಕೊಡೋನ್."

"ಹಂಗಾರೆ ಸೈ," ಎಂದು ಮೂಕಾಂಬು ಎದ್ದಳು. ಮೆಟ್ಟಿಲಿಳಿಯಲು ಸೀರೆ ತುಸು ಎತ್ತಿದಾಗ ಮೊಣಕಾಲಿನ ಕೆಳಗಿನ ಕಲೆ ಕಂಡಿತು. ಹಸಿರು ಎಂದೋ ಹೋಗಿತ್ತು, ಕಪ್ಪು ಮಾತ್ರ ನಿಂತಿತ್ತು. ಗೋಡೆ ಹಿಡಿದುಕೊಂಡು ಇಳಿದು ಹೋದಳು.

ಕಡಲಲ್ಲಿ ನಮ್ಮದೊಂದು ನಿಯಮವಿತ್ತು. ಕೈಗೆ ಬಂದ ಬೆಳಕನ್ನು ಪಕ್ಕದವನಿಗೆ ಕೊಡಬೇಕು. ಅದಕ್ಕೆ ಯಾರೂ ನಮಗೆ ಸಂಬಳ ಕೊಡಲಿಲ್ಲ, ಯಾರೂ ಭುಜ ತಟ್ಟಲಿಲ್ಲ. ಪಾಚಿ ಬದುಕಿತ್ತು, ಅಷ್ಟೆ. ಅಣ್ಣಪ್ಪನ ಹತ್ತಿರ ಇದ್ದದ್ದೂ ಒಂದೇ ಒಂದು ಮಾತು. ಪಕ್ಕದಲ್ಲಿ ಕೈಯೊಡ್ಡಿ ಕೂತಿದ್ದ ತಾಯಿಗೆ ಅವನು ಅದನ್ನು ಕೊಡಲಿಲ್ಲ. ನನಗೆ ಹೇಳುವ ಬಾಯಿಲ್ಲ. ಅವನಿಗಿತ್ತು.

ಈ ಸಲವೂ ಆಯುಧಪೂಜೆ ಬಂತು. ಯಂತ್ರಗಳನ್ನೆಲ್ಲ ಆರಿಸಿದರು, ಫ್ರಿಜ್ಜಿಗೆ ಮಾಲೆ ಹಾಕಿದರು. ಪಟ ಒರೆಸಲು ಇಳಿಸಿದಾಗ ಅಣ್ಣಪ್ಪನ ಕಣ್ಣಿಗೆ ನಾನು ಬಿದ್ದೆ. ಕೇಸರಿಬಾತಿನ ಕೆಂಪು ಇನ್ನೂ ಹೊಚ್ಚ ಹೊಸದಾಗಿತ್ತು. ಕುಂಕುಮದ ಬೆರಳು ನನ್ನತ್ತ ಬಂದು ಅರ್ಧಕ್ಕೇ ನಿಂತಿತು. ಬೆರಳನ್ನು ಪಂಚೆಗೆ ಒರೆಸಿಕೊಂಡು ನನ್ನನ್ನು ಮತ್ತೆ ಹಿಂದಕ್ಕೆ ತಳ್ಳಿದ. ಜಯಕರ ಸರ್ ಬಂದು ಮಂಗಳಾರತಿ ಎತ್ತಿದರು, ಗಂಟೆ ಮೊಳಗಿತು, ಹುಡುಗ ಹುಡುಗಿಯರೆಲ್ಲ ಕೈ ಮುಗಿದರು. ಬೆಂಕಿ ಇಲ್ಲದ ಕೆಂಡಕ್ಕೆ ಮೊದಲು ಕೈ ಮುಗಿದವನು ಬಾಗಿಲ ಹತ್ತಿರ ನಿಂತಿದ್ದ. ಅವನ ಕೈ ಮೇಲೇಳಲಿಲ್ಲ.